ಅಂಕ ಇದ್ದರೂ ಸೀಟು ತಪ್ಪುವುದು ಎಲ್ಲಿ?

ಓದುಗರ ಪ್ರಶ್ನೆ: ನಾವು ಬ್ರಹ್ಮಾವರದ ಹತ್ತಿರದವರು. ಮಗಳು ಉಡುಪಿಯಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ, ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ). ಮನೆಯವರು ಮುಂಬೈಯಲ್ಲಿ ಹೋಟೆಲಿನಲ್ಲಿದ್ದಾರೆ. ಮಗಳು ನಾಲ್ಕನೇ ತರಗತಿಯವರೆಗೆ ಅಲ್ಲೇ ಓದಿ, ಐದನೇ ತರಗತಿಯಿಂದ ಊರಿನ ಶಾಲೆಗೆ ಬಂದವಳು. ಮುಂಬೈಯಲ್ಲಿ ಓದಿದ ಮಕ್ಕಳಿಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಸರ್ಕಾರಿ ಸೀಟು ಸಿಗುವುದಿಲ್ಲ ಎಂದು ಒಬ್ಬರು ಹೆದರಿಸಿದ್ದಾರೆ. ಈಗ ಪಿಯುಸಿ ಅಂಕ ಲೆಕ್ಕಕ್ಕಿಲ್ಲ, ಪಾಸಾದರೆ ಸಾಕು ಎನ್ನುತ್ತಾರೆ ಇನ್ನೊಬ್ಬರು. ಅರ್ಧವಾರ್ಷಿಕದಲ್ಲಿ ಅವಳಿಗೆ ಶೇ. 92 ಬಂದಿದೆ, ಮೆಡಿಕಲ್ ಪ್ರವೇಶದ ನೀಟ್ ಮಾದರಿ ಪರೀಕ್ಷೆಗಳಲ್ಲಿ 720ಕ್ಕೆ 380ರಿಂದ 400. ಡಾಕ್ಟರ್ ಆಗಬೇಕೆಂಬ ಆಸೆ ಅವಳಿಗಿಂತ ಅವಳ ಅಪ್ಪನಿಗೆ ಹೆಚ್ಚು. ಅವಳು ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಮಾತಾಡುತ್ತಾಳೆ. ಈ ನಡುವೆ ಒಬ್ಬ ಏಜೆಂಟ್ ಫೋನ್ ಮಾಡಿ, ನೀಟ್ ಪಾಸಾದರೆ ಸಾಕು, ಮೆಡಿಕಲ್ ಸೀಟು ನಾವು ಕೊಡಿಸುತ್ತೇವೆ, ಮುಂಗಡ ಕೊಡಿ ಎನ್ನುತ್ತಿದ್ದಾನೆ. ನಾವೀಗ ಏನೇನು ಸಿದ್ಧ ಮಾಡಿಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಆತಂಕಗಳು ಒಟ್ಟಿಗೆ ಸಿಕ್ಕುಬಿದ್ದಿವೆ. ಅವುಗಳಲ್ಲಿ ಅರ್ಧದಷ್ಟು ಬರೀ ಬಾಯಿಮಾತಿನಿಂದ ಹುಟ್ಟಿದವು. ಉಳಿದವು ನಿಜವಾದವು, ಆದರೆ ನೀವು ಹೆದರಿರುವ ಜಾಗದಲ್ಲಿ ಅವು ಇಲ್ಲ. ಕರಾವಳಿಯಲ್ಲಿ ಅಂಕ ಸಾಲದೆ ಸೀಟು ತಪ್ಪುವುದನ್ನು ಎಲ್ಲರೂ ನೋಡುತ್ತಾರೆ. ಅಂಕವಿದ್ದೂ ಕಾಗದಪತ್ರದಿಂದ, ಅರ್ಜಿಯಲ್ಲಿ ತುಂಬದೆ ಬಿಟ್ಟ ಒಂದು ಕಾಲಮ್ಮಿನಿಂದ, ಬೇಕಾದ ಕಾಲೇಜುಗಳನ್ನು ಬರೆದುಕೊಡುವ ಆಪ್ಷನ್ ಪಟ್ಟಿಯ ಕ್ರಮದಿಂದ ತಪ್ಪುವ ಸೀಟುಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲು ಮುಂಬೈ ವಿಷಯ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸರ್ಕಾರಿ ಕೋಟಾದ ಸೀಟಿಗೆ ಕೇಳುವುದು ಒಂದರಿಂದ ಹನ್ನೆರಡನೇ ತರಗತಿಯೊಳಗೆ ಒಟ್ಟು 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸು ಮಾಡಿರಬೇಕು ಎಂದು. ಐದರಿಂದ ಹನ್ನೆರಡಕ್ಕೆ ನಿಮ್ಮ ಮಗಳದ್ದು 8 ವರ್ಷ. ಆಕೆ ಅರ್ಹಳು, ಅದರಲ್ಲಿ ಸಂಶಯವೇ ಬೇಡ. ಆಕೆಗೆ ಸಿಗದೆ ಹೋಗುವುದು ಬೇರೆ ಎರಡು. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ 10 ವರ್ಷ ಕರ್ನಾಟಕದ ಗ್ರಾಮೀಣ ಶಾಲೆಯಲ್ಲೇ ಓದಿರಬೇಕು; ಕನ್ನಡ ಮಾಧ್ಯಮದ ಮೀಸಲಾತಿಗೂ ಅದೇ 10 ವರ್ಷದ ಲೆಕ್ಕ. ಆರು ವರ್ಷ ಹಳ್ಳಿ ಶಾಲೆಯಲ್ಲಿ ಓದಿದ್ದಾಳಲ್ಲ ಎಂದು ಆ ಕಾಲಮ್ಮಿಗೆ ‘ಹೌದು’ ಎಂದು ತುಂಬಿದರೆ ದಾಖಲೆ ಪರಿಶೀಲನೆಯಲ್ಲಿ ಅದು ಬಿದ್ದುಹೋಗುತ್ತದೆ, ಬೇಡದ ಗೊಂದಲವೂ ಆಗುತ್ತದೆ. ತರಗತಿವಾರು ಎಲ್ಲಿ ಓದಿದ್ದು ಎಂಬ ವಿವರದಲ್ಲಿ ಮುಂಬೈಯ ನಾಲ್ಕು ವರ್ಷವನ್ನು ಇದ್ದ ಹಾಗೇ ತುಂಬಿ. ಇಲ್ಲಿನ ಶಾಲೆ, ಕಾಲೇಜುಗಳಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲುಸಹಿ ಹಾಕಿಸಿ ಇಟ್ಟುಕೊಳ್ಳಿ. ಇದನ್ನು ಡಿಸೆಂಬರ್‌ ಒಳಗೆ ಮಾಡಿಸುವುದು ಒಳ್ಳೆಯದು. ಮೇ ತಿಂಗಳಲ್ಲಿ ಶಾಲೆಗೆ ರಜೆ, ಮುಖ್ಯೋಪಾಧ್ಯಾಯರು ಊರಲ್ಲಿರುವುದಿಲ್ಲ, ಬಿಇಒ ಕಚೇರಿಯಲ್ಲಿ ಸಾಲು.

ಮುಂಬೈಯಿಂದ ಬಂದ ಮನೆಗಳಲ್ಲಿ ನಿಜವಾದ ತೊಡಕು ಹೆಸರಿನದ್ದು. ಅಲ್ಲಿ ಮಾಡಿಸಿದ ಆಧಾರ್‌ನಲ್ಲಿ ಮಗುವಿನ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಕುಲನಾಮ ಇರುತ್ತದೆ. ಇಲ್ಲಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ಮತ್ತು ಇನಿಷಿಯಲ್ ಮಾತ್ರ. ಜಾತಿ ಪ್ರಮಾಣಪತ್ರದಲ್ಲಿ ಮೂರನೆಯದೇ ಒಂದು ರೂಪ. ಹಿಂದೆ ಕೌಂಟರಿನಲ್ಲಿ ಕೂತ ಅಧಿಕಾರಿ ಮೂಲ ಪ್ರತಿ ನೋಡಿ ಒಪ್ಪಿಬಿಡುತ್ತಿದ್ದರು. ಈಗ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ಹಾಕಿದ ಕೂಡಲೇ ಕಂಪ್ಯೂಟರ್ ಹೆಸರು ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಮೀಸಲಾತಿಯ ಕೋರಿಕೆ ಅಲ್ಲಿಗೇ ನಿಲ್ಲುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನು ಆಧಾರವಾಗಿಟ್ಟು ಉಳಿದವನ್ನು ಅದಕ್ಕೆ ಸರಿಹೊಂದಿಸಿ. ಉಲ್ಟಾ ಮಾಡಲು ಹೋಗಬೇಡಿ. ಅಂಕಪಟ್ಟಿ ತಿದ್ದುಪಡಿ ಶಾಲೆಯಿಂದ ಮಂಡಳಿಗೆ ಹೋಗಿ ಬರಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹಾಗಾಗಿ ಒಂದೊಂದು ಅಕ್ಷರವನ್ನೂ ನೋಡಿ ಮಾಡಿಸಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಪರಿಶಿಷ್ಟರಿಗೆ ನಮೂನೆ ಡಿ, ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ 1ಕ್ಕೆ ನಮೂನೆ ಇ, 2ಎಯಿಂದ 3ಬಿವರೆಗೆ ನಮೂನೆ ಎಫ್. ಆದಾಯ ಪ್ರಮಾಣಪತ್ರ 5 ವರ್ಷಕ್ಕೆ ಮಾತ್ರ. ಎಂಟನೇ ತರಗತಿಯಲ್ಲಿ ಸ್ಕಾಲರ್‌ಶಿಪ್ಪಿಗೆಂದು ಮಾಡಿಸಿದ್ದು ಸೀಟು ಹಂಚಿಕೆಯ ಹೊತ್ತಿಗೆ ಮುಗಿದಿರುತ್ತದೆಯೇ ಎಂದು ದಿನಾಂಕ ನೋಡಿ. ಕುಟುಂಬದ ಆದಾಯ ಎಂದರೆ ಮುಂಬೈಯ ಸಂಬಳವೂ ಸೇರಿ. ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದರೆ ಎಂಜಿನಿಯರಿಂಗ್‌ನಲ್ಲಿ ಬೋಧನಾ ಶುಲ್ಕ ವಿನಾಯಿತಿಯ ಎಸ್‌ಎನ್‌ಕ್ಯೂ ಸೀಟಿಗೂ ಕೋರಿಕೆ ಸಲ್ಲಿಸಬಹುದು. ಇನ್ನೊಂದು ಮಾತು: ರಾಜ್ಯದ ಪ್ರವರ್ಗ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ಇಲ್ಲಿ ಪ್ರವರ್ಗದಲ್ಲಿರುವ ಎಷ್ಟೋ ಸಮುದಾಯಗಳು ಕೇಂದ್ರದ ಪಟ್ಟಿಯಲ್ಲಿ ಇಲ್ಲ. ನೀಟ್‌ನ ಅಖಿಲ ಭಾರತ ಕೋಟಾಕ್ಕೆ, ಸುರತ್ಕಲ್‌ನ ಎನ್‌ಐಟಿಕೆಗೆ ಬೇಕಾಗುವುದು ಕೇಂದ್ರದ ನಮೂನೆಯ ಪ್ರಮಾಣಪತ್ರ, ಎನ್‌ಐಟಿಗಾದರೆ ಅದು ಆಯಾ ವರ್ಷದ ಏಪ್ರಿಲ್ 1ರ ನಂತರ ಕೊಟ್ಟದ್ದಾಗಿರಬೇಕು. ಊರಿನದ್ದನ್ನೇ ಅಲ್ಲಿ ಅಪ್‌ಲೋಡ್ ಮಾಡಿ ಸೀಟು ಕಳೆದುಕೊಳ್ಳುವವರು ಪ್ರತಿ ವರ್ಷ ಇದ್ದಾರೆ.

ಈಗ ಪಿಯುಸಿ ಅಂಕದ ಮಾತಿಗೆ ಬರುತ್ತೇನೆ. ‘ಪಾಸಾದರೆ ಸಾಕು’ ಎನ್ನುವುದು ನೀಟ್ ಮಟ್ಟಿಗೆ ಹೆಚ್ಚುಕಡಿಮೆ ನಿಜ: ಸಾಮಾನ್ಯ ವರ್ಗಕ್ಕೆ ಭೌತ, ರಸಾಯನ, ಜೀವಶಾಸ್ತ್ರದಲ್ಲಿ ಒಟ್ಟು ಶೇ. 50 ಇದ್ದರೆ ಆಯಿತು, ರ‍್ಯಾಂಕ್ ಪೂರ್ತಿ ನೀಟ್‌ನದ್ದೇ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್-ಕೆಯಲ್ಲೂ ಶೇ. 45ರ ಅರ್ಹತೆ ದಾಟಿದ ಮೇಲೆ ರ‍್ಯಾಂಕಿಗೆ ಆ ಪರೀಕ್ಷೆಯ ಅಂಕ ಮಾತ್ರ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕ್ ಹಾಗಲ್ಲ. ಅಲ್ಲಿ ಭೌತ, ರಸಾಯನ, ಗಣಿತ ಈ ಮೂರು ವಿಷಯಗಳ ಪಿಯುಸಿ ಅಂಕದ್ದು ಅರ್ಧ, ಸಿಇಟಿಯದ್ದು ಅರ್ಧ. ಪಿಯುಸಿ 300ಕ್ಕೆ, ಸಿಇಟಿ 180ಕ್ಕೆ. ಹಾಗಾಗಿ ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ. ಪಿಯುಸಿಯಲ್ಲಿ 294 ತೆಗೆದು ಸಿಇಟಿಯಲ್ಲಿ 90ಕ್ಕೆ ನಿಂತವರ ಸರಾಸರಿ 74. ಪಿಯುಸಿಯಲ್ಲಿ 255 ಇದ್ದು ಸಿಇಟಿಯಲ್ಲಿ 114 ತೆಗೆದವರದ್ದು 74ಕ್ಕಿಂತ ತುಸು ಮೇಲೆ. 39 ಅಂಕದ ಹಿನ್ನಡೆಯನ್ನು 24 ಅಂಕ ಮುಚ್ಚಿಬಿಟ್ಟಿತು.

ನಮ್ಮ ಜಿಲ್ಲೆಗಳಲ್ಲಿ ಈ ಲೆಕ್ಕಕ್ಕೆ ಹೆಚ್ಚಿನ ತೂಕ. 2025ರ ಪಿಯುಸಿ ಪರೀಕ್ಷೆ-1ರಲ್ಲಿ ಉಡುಪಿ ಶೇ. 93.90 ಉತ್ತೀರ್ಣತೆಯೊಂದಿಗೆ ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ ಶೇ. 93.57ರೊಂದಿಗೆ ಎರಡನೆಯದು. ನಿಮ್ಮ ಮಗಳ ತರಗತಿಯಲ್ಲೇ ಶೇ. 95 ದಾಟುವವರು ಹಲವರಿರುತ್ತಾರೆ. ಪಿಯುಸಿ ಅಂಕದಲ್ಲಿ ಎಲ್ಲರೂ ಒತ್ತೊತ್ತಾಗಿ ನಿಂತಿರುವಾಗ ಅವರನ್ನು ಬೇರ್ಪಡಿಸುವುದು ಸಿಇಟಿ. ಹಾಗೆಂದು ಪಿಯುಸಿಯನ್ನು ಕೈಬಿಟ್ಟರೆ ಆ ಗುಂಪಿಗೇ ಸೇರಲಾಗುವುದಿಲ್ಲ.

ಶೇ. 92ರವರು ಸಿಇಟಿಯಲ್ಲಿ ಅರ್ಧಕ್ಕೆ ಕುಸಿಯುವುದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಒಂದು, ಸಿಇಟಿಯಲ್ಲಿ ಪ್ರಥಮ ಪಿಯುಸಿಯ ಪಾಠವೂ ಬರುತ್ತದೆ. ಎಲ್ಲರೂ ಅದನ್ನು ಕಳೆದ ವರ್ಷವೇ ಕಟ್ಟಿಟ್ಟಿರುತ್ತಾರೆ. ಎರಡು, ಪ್ರತಿ ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ಅಂದರೆ ಒಂದಕ್ಕೆ 80 ಸೆಕೆಂಡ್. ಪಿಯುಸಿಯಲ್ಲಿ ಹಂತಹಂತವಾಗಿ ಬರೆದು ಅಂಕ ಪಡೆಯುವ ಅಭ್ಯಾಸ ಇಲ್ಲಿ ಕೈ ಕಟ್ಟಿಹಾಕುತ್ತದೆ. ಈಗಿನಿಂದ ಫೆಬ್ರವರಿಯವರೆಗೆ ವಾರಕ್ಕೊಂದು ಪ್ರಥಮ ಪಿಯುಸಿ ಅಧ್ಯಾಯವನ್ನು ಮತ್ತೆ ಮುಟ್ಟಲಿ, ಹಳೆಯ ಸಿಇಟಿ ಪತ್ರಿಕೆಗಳನ್ನು ಗಡಿಯಾರ ಇಟ್ಟು ಬಿಡಿಸಲಿ. ತಪ್ಪು ಉತ್ತರಕ್ಕೆ ಸಿಇಟಿಯಲ್ಲಿ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ವೃತ್ತವನ್ನೂ ಖಾಲಿ ಬಿಡುವ ಹಾಗಿಲ್ಲ. ಕೊನೆಯ ಐದು ನಿಮಿಷ ಅದಕ್ಕೇ. ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ 1 ಕಡಿತ. ಅಲ್ಲಿ ಎರಡು ಆಯ್ಕೆಗಳನ್ನು ಖಚಿತವಾಗಿ ತೆಗೆದುಹಾಕಲು ಬಂದರೆ ಊಹಿಸುವುದು ಲಾಭ, ನಾಲ್ಕೂ ಒಂದೇ ಥರ ಕಂಡರೆ ಮುಂದೆ ಹೋಗುವುದೇ ಸರಿ. ಪಿಸಿಎಂಬಿ ಮಕ್ಕಳು ಸಿಇಟಿಯ ನಾಲ್ಕೂ ಪತ್ರಿಕೆ ಬರೆಯಬೇಕು. ನೀಟ್ ಇದೆಯಲ್ಲ ಎಂದು ಸಿಇಟಿಯ ಜೀವಶಾಸ್ತ್ರ ಪತ್ರಿಕೆಗೆ ಹೋಗದಿದ್ದರೆ ಮಗಳು ಆಸೆಪಟ್ಟಿರುವ ಕೋರ್ಸಿನ ಬಾಗಿಲೇ ಮುಚ್ಚುತ್ತದೆ.

ಮಂಡಳಿಯ ಪರೀಕ್ಷೆ-2ರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಪರೀಕ್ಷೆ-1ರ ಅಂಕ ಸಾಲದೆನಿಸಿದರೆ ಮತ್ತೆ ಬರೆಯಬಹುದು, ಎರಡರಲ್ಲಿ ಹೆಚ್ಚಿನದ್ದು ಉಳಿಯುತ್ತದೆ. ಸಿಇಟಿ ಮುಗಿದ ಮೇಲೆ ಎಂಜಿನಿಯರಿಂಗ್ ರ‍್ಯಾಂಕ್ ಸುಧಾರಿಸಲು ಉಳಿಯುವ ಮುಖ್ಯ ದಾರಿ ಇದು. ಆದರೆ ಆ ಪರೀಕ್ಷೆ ಏಪ್ರಿಲ್-ಮೇಯಲ್ಲಿ, ನೀಟ್ ಮೇ ಮೊದಲ ವಾರದಲ್ಲಿ. ನೀಟ್‌ಗೆ ಗಂಭೀರವಾಗಿ ಕೂರುವವರು ಐದಾರು ಅಂಕಕ್ಕಾಗಿ ಪರೀಕ್ಷೆ-2ರ ಹಿಂದೆ ಬೀಳುವುದು ನನ್ನ ದೃಷ್ಟಿಯಲ್ಲಿ ನಷ್ಟ. ಯಾವುದಾದರೂ ವಿಷಯದಲ್ಲಿ ಅಂಕ ತೀರಾ ಅನಿರೀಕ್ಷಿತವಾಗಿ ಕಡಿಮೆ ಬಂದಿದ್ದರೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ನೋಡಿ. ಅದಕ್ಕೆ ಸಿಗುವುದು ಕೆಲವೇ ದಿನ, ಆ ಪ್ರತಿ ತರಿಸದೆ ಮರುಮೌಲ್ಯಮಾಪನಕ್ಕೆ ಹಾಕಲಾಗುವುದಿಲ್ಲ.

ಮೆಡಿಕಲ್ ವಿಷಯದಲ್ಲಿ ಅರ್ಹತೆ ಬೇರೆ, ಸೀಟು ಬೇರೆ. 2025ರಲ್ಲಿ ಸಾಮಾನ್ಯ ವರ್ಗಕ್ಕೆ ನೀಟ್ ಅರ್ಹತೆಗೆ 720ಕ್ಕೆ 144 ಸಾಕಾಗಿತ್ತು. ಏಜೆಂಟ್ ‘ಪಾಸಾದರೆ ಸಾಕು’ ಎನ್ನುವುದು ಈ 144ರ ಬಲದ ಮೇಲೆ. ಆದರೆ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಮತ್ತು ಎನ್‌ಆರ್‌ಐ ಸೀಟುಗಳೂ ಸೇರಿದಂತೆ ಎಂಬಿಬಿಎಸ್‌ನ ಎಲ್ಲ ಸೀಟುಗಳೂ ಈಗ ನೀಟ್ ರ‍್ಯಾಂಕಿನ ಮೇಲೆ ಕೌನ್ಸೆಲಿಂಗ್‌ನಲ್ಲೇ ಹಂಚಿಕೆಯಾಗಬೇಕು. ಕಾಲೇಜಿನವರಿಗೇ ನೇರವಾಗಿ ಕೊಡುವ ಅಧಿಕಾರವಿಲ್ಲದ ಸೀಟನ್ನು ಆತ ಎಲ್ಲಿಂದ ಕೊಡಿಸುತ್ತಾನೆ? ಮುಂಗಡ ಕೊಟ್ಟವರಲ್ಲಿ ಕೆಲವರಿಗೆ ಅವರ ರ‍್ಯಾಂಕಿಗೇ ಸೀಟು ಬರುತ್ತದೆ, ಆತ ಅದನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ. ಬಾರದವರು ಹಣ ವಾಪಸಿಗೆ ಅಲೆಯುತ್ತಾರೆ. ಹಣವಂತೂ ಬೇಡ; ಮಗಳ ಲಾಗಿನ್, ಪಾಸ್‌ವರ್ಡ್, ಒಟಿಪಿಯನ್ನೂ ಕೊಡಬೇಡಿ. ಒಮ್ಮೆ ಬೇರೆಯವರ ಕೈಗೆ ಹೋದರೆ ಆಪ್ಷನ್ ಪಟ್ಟಿಯನ್ನೇ ಅವರು ತಮಗೆ ಬೇಕಾದಂತೆ ತಿರುಗಿಸಬಹುದು.

ಯಾವ ಕಾಲೇಜಿನ ಸೀಟು ಎಲ್ಲಿ ಹಂಚಿಕೆಯಾಗುತ್ತದೆ ಎಂಬುದರಲ್ಲಿ ಮಂಗಳೂರಿನವರೇ ಎಡವುತ್ತಾರೆ. ಮಣಿಪಾಲ ಮತ್ತು ಮಂಗಳೂರಿನ ಕೆಎಂಸಿ, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ, ಯೇನೆಪೋಯ ಇವು ಡೀಮ್ಡ್ ವಿಶ್ವವಿದ್ಯಾಲಯಗಳಿಗೆ, ಅಂದರೆ ವಿಶ್ವವಿದ್ಯಾಲಯದ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಸೇರಿದವು. ಇವುಗಳ ಎಂಬಿಬಿಎಸ್ ಸೀಟಿಗೆ ದೆಹಲಿಯ ಎಂಸಿಸಿಯಲ್ಲಿ (ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ನೋಂದಾಯಿಸಬೇಕು. ಡೀಮ್ಡ್‌ ಸೀಟಿನ ನೋಂದಣಿಗೆ 5 ಸಾವಿರ ಶುಲ್ಕ, ಮರಳಿ ಸಿಗುವ ಠೇವಣಿ 2 ಲಕ್ಷ. ಫಾದರ್ ಮುಲ್ಲರ್, ಎ.ಜೆ., ಸುಳ್ಯದ ಕೆವಿಜಿ ಇವು ಕೆಇಎಯಲ್ಲಿ. ನೀಟ್ ಬರೆದರೆ ಕೆಇಎ ತಾನಾಗಿ ಹೆಸರು ತೆಗೆದುಕೊಳ್ಳುವುದಿಲ್ಲ. ಅಲ್ಲೂ ಅರ್ಜಿ ಹಾಕಿ, ಫಲಿತಾಂಶದ ನಂತರ ಲಿಂಕ್ ಬಿಟ್ಟಾಗ ನೀಟ್ ವಿವರ ತುಂಬಬೇಕು. ಎಂಜಿನಿಯರಿಂಗ್‌ನಲ್ಲಿ ವಾಮಂಜೂರಿನ ಸೇಂಟ್ ಜೋಸೆಫ್, ಅಡ್ಯಾರಿನ ಸಹ್ಯಾದ್ರಿ, ಮಿಜಾರಿನ ಆಳ್ವಾಸ್, ಬಂಟಕಲ್ಲಿನ ಕಾಲೇಜು ಇವೆಲ್ಲ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯವು, ಸಿಇಟಿಯಿಂದ ಹೋಗಬಹುದು. ಮಣಿಪಾಲದ ಎಂಐಟಿಗೆ ಅವರದ್ದೇ ಪ್ರವೇಶ ಪರೀಕ್ಷೆ. ಎನ್‌ಐಟಿಕೆಗೆ ಜೆಇಇ ಮೇನ್. ಅರ್ಧ ಸೀಟು ಕರ್ನಾಟಕದವರಿಗೆ. ಅಲ್ಲಿ ಸಾಮಾನ್ಯ ವರ್ಗಕ್ಕೆ ಪಿಯುಸಿಯಲ್ಲಿ ಶೇ. 75 ಇರಬೇಕು ಅಥವಾ ಮಂಡಳಿಯ ಮೊದಲ 20 ಪರ್ಸೆಂಟೈಲ್‌ನಲ್ಲಿರಬೇಕು.

ನಿಮ್ಮ ಮಗಳ 380–400ಕ್ಕೆ ಎಂಬಿಬಿಎಸ್ ಸಿಗುತ್ತದೆಯೇ ಎಂದರೆ, ಬರೀ ಅಂಕ ನೋಡಿ ಯಾರೂ ಹೇಳಲಾಗದು, ಹೇಳಿದರೆ ನಂಬಬೇಡಿ. 2024ರಲ್ಲಿ ಪೂರ್ತಿ 720 ತೆಗೆದವರೇ ಹಲವರಿದ್ದರು, 2025ರಲ್ಲಿ ದೇಶಕ್ಕೆ ಮೊದಲು ಬಂದವರದ್ದೇ 686. ಒಂದೇ ಅಂಕಕ್ಕೆ ಎರಡು ವರ್ಷಗಳಲ್ಲಿ ಅಜಗಜಾಂತರದ ರ‍್ಯಾಂಕ್. ಹಾಗಾಗಿ ಅಂಕವನ್ನಲ್ಲ, ರ‍್ಯಾಂಕನ್ನು ಹೋಲಿಸಿ. ಕೆಇಎ ಪ್ರತಿ ಸುತ್ತಿನ ಕಟಾಫ್ ರ‍್ಯಾಂಕನ್ನು ಕಾಲೇಜುವಾರು, ಪ್ರವರ್ಗವಾರು ಪ್ರಕಟಿಸುತ್ತದೆ; ನಿಮ್ಮ ಪ್ರವರ್ಗದ ಕೊನೆಯ ಸುತ್ತಿನದ್ದನ್ನು ನೋಡಿ.

ಮುಂದಿನ ಪ್ರಶ್ನೆ ಹೇಗೂ ಬರುತ್ತದೆ: ಮತ್ತೆ ನೀಟ್ ಬರೆಯಲು ಒಂದು ವರ್ಷದ ಕೋಚಿಂಗ್, ಅಂದರೆ ಲಾಂಗ್ ಟರ್ಮ್‌ಗೆ ಹಾಕುವುದೇ? ಒಂದು ವರ್ಷ ಕೂತು ಸೀಟು ಪಡೆದವರು ಇದ್ದಾರೆ. ಅವರಲ್ಲಿ ಹೆಚ್ಚಿನವರು ಮೊದಲ ಬಾರಿಗೇ ಕಟಾಫ್‌ಗೆ ಹತ್ತಿರ ಬಂದು, ಒಂದು ವಿಷಯದಲ್ಲಿ, ಸಾಮಾನ್ಯವಾಗಿ ಭೌತಶಾಸ್ತ್ರದಲ್ಲಿ, ಜಾರಿದವರು. ಎಲ್ಲಿ ಸೋತೆವೆಂದು ಅವರಿಗೆ ಗೊತ್ತಿರುತ್ತದೆ, ಮತ್ತು ಅದನ್ನು ಓದಬೇಕೆಂಬ ಹಟ ಅವರದ್ದೇ ಆಗಿರುತ್ತದೆ. ಮೂರೂ ವಿಷಯಗಳಲ್ಲಿ ಸಮನಾಗಿ ಹಿಂದಿರುವ, ಅಪ್ಪನ ಆಸೆಗಾಗಿ ಕೂರುವ ಮಗು ಎರಡನೇ ವರ್ಷವೂ ಅದೇ ಅಂಕದ ಸುತ್ತಮುತ್ತ ನಿಲ್ಲುತ್ತದೆ. ಖರ್ಚು ಬರೀ ಕೋಚಿಂಗ್, ಹಾಸ್ಟೆಲ್ ಫೀಸಿನದ್ದಲ್ಲ. ಜೊತೆಯವರೆಲ್ಲ ಕಾಲೇಜು ಸೇರಿದ ಮೇಲೆ ಒಂಟಿಯಾಗಿ ಓದುವ ಆ ವರ್ಷ ಮಕ್ಕಳನ್ನು ಹಣ್ಣು ಮಾಡುತ್ತದೆ. ಪತ್ರದಲ್ಲಿ ನೀವೇ ಬರೆದಿರುವುದನ್ನು ನೋಡಿದರೆ ನಿಮ್ಮ ಮಗಳನ್ನು ಲಾಂಗ್ ಟರ್ಮ್‌ಗೆ ಕೂರಿಸಲು ನಾನು ಹೇಳಲಾರೆ. ಈ ವರ್ಷದ ನೀಟ್ ಅನ್ನು ಚೆನ್ನಾಗಿಯೇ ಬರೆಯಲಿ, ರ‍್ಯಾಂಕ್ ಬಂದ ಮೇಲೆ ಅವಳ ಅಪ್ಪನನ್ನೂ ಕೂರಿಸಿಕೊಂಡು ಕಟಾಫ್ ಪಟ್ಟಿ ಎದುರಿಗಿಟ್ಟು ಮಾತಾಡಿ.

ಮೀನುಗಾರಿಕೆ ಕಾಲೇಜು ಎಂದಾಗ ಮನೆಯಲ್ಲಿ ಮುಖ ಸಿಂಡರಿಸಿದ್ದೀರೇನೋ. 1969ರಲ್ಲಿ ಶುರುವಾದ ಕಾಲೇಜು ಅದು, ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ನಾಲ್ಕು ವರ್ಷದ ಬಿ.ಎಫ್.ಎಸ್ಸಿ.; ಮೀನು ಕೃಷಿ, ಸಂಸ್ಕರಣೆ, ಸಂಪನ್ಮೂಲ ನಿರ್ವಹಣೆ ಎಲ್ಲ ಅದರಲ್ಲಿದೆ. ಮುಂದೆ ಮೀನುಗಾರಿಕೆ ಇಲಾಖೆಯ ಹುದ್ದೆಗಳು, ಬ್ಯಾಂಕುಗಳ ಕೃಷಿ ಅಧಿಕಾರಿ ಪರೀಕ್ಷೆ, ರಫ್ತು ಘಟಕಗಳು, ಸಿಗಡಿ ಮರಿ ಉತ್ಪಾದನಾ ಕೇಂದ್ರಗಳು. ಸ್ನಾತಕೋತ್ತರಕ್ಕೆ ಮುಂಬೈಯ ವರ್ಸೋವಾದಲ್ಲೇ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ ಇದೆ. ತೊಡಕೂ ಉಂಟು: ಸೀಟು ಕಡಿಮೆ, ಸರ್ಕಾರಿ ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ, ಖಾಸಗಿ ಕೆಲಸಕ್ಕೆ ಊರು ಬಿಡಬೇಕಾಗಬಹುದು. ಪ್ರವೇಶ ಸಿಇಟಿಯ ಕೃಷಿ ವಿಜ್ಞಾನ ಗುಂಪಿನ ರ‍್ಯಾಂಕಿನಿಂದ. ಊರಿನ ಗದ್ದೆ, ತೋಟ ನಿಮ್ಮ ಹೆಸರಿನಲ್ಲಿದ್ದು ಆದಾಯದ ಮಿತಿಯೊಳಗಿದ್ದರೆ ಕೃಷಿಕರ ಕೋಟಾ ನೋಡಿ. ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇದೆ, ಅದರ ಅಂಕವೂ ರ‍್ಯಾಂಕಿಗೆ ಸೇರುತ್ತದೆ. ಈ ಕೋಟಾವನ್ನು ಸಿಇಟಿ ಅರ್ಜಿ ತುಂಬುವಾಗಲೇ ಕೇಳಬೇಕು. ರ‍್ಯಾಂಕ್ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಕೊನೆಗೆ ಆಪ್ಷನ್ ಎಂಟ್ರಿ. ‘ಸಿಗುವಂಥದ್ದನ್ನು ಮೇಲೆ ಹಾಕಿ’ ಎಂಬ ಸಲಹೆ ಪ್ರತಿ ಸೈಬರ್ ಸೆಂಟರಿನಲ್ಲೂ ಕೇಳುತ್ತದೆ, ಅದು ತಪ್ಪು. ಕಂಪ್ಯೂಟರ್ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ನಿಮ್ಮ ರ‍್ಯಾಂಕಿಗೆ ಲಭ್ಯವಿರುವ ಮೊದಲನೆಯದನ್ನು ಕೊಟ್ಟು ನಿಲ್ಲುತ್ತದೆ. ಸಿಗದ ಕಾಲೇಜನ್ನು ಮೇಲಿಟ್ಟರೆ ಏನೂ ನಷ್ಟವಿಲ್ಲ. ಸುಲಭದ್ದನ್ನು ಮೇಲಿಟ್ಟರೆ ಅದರ ಕೆಳಗಿನ ಒಳ್ಳೆಯದು ಕೈತಪ್ಪುತ್ತದೆ. ಆದ್ದರಿಂದ ಇಷ್ಟದ ಕ್ರಮದಲ್ಲೇ ಬರೆಯಿರಿ, ಉದ್ದಕ್ಕೆ ಬರೆಯಿರಿ, ಆದರೆ ಸಿಕ್ಕರೂ ಹೋಗಲಾರೆವೆನ್ನುವ ಕಾಲೇಜನ್ನು, ಕಟ್ಟಲಾಗದ ಫೀಸಿನ ಸೀಟನ್ನು ಸೇರಿಸಬೇಡಿ. ಮೊದಲ ಸುತ್ತಿಗೆ ಮುಂಚೆ ಪ್ರಯೋಗವಾಗಿ ನಡೆಸುವ ಅಣಕು ಹಂಚಿಕೆಯ ಫಲಿತಾಂಶ ನೋಡಿ ಕ್ರಮ ಬದಲಿಸಬಹುದು. ನಿಜವಾದ ಮೊದಲ ಸುತ್ತಿನ ಮೇಲೆ ಹೊಸ ಕಾಲೇಜು ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ.

ಸೀಟು ಬಂದಾಗ ನಾಲ್ಕು ಛಾಯ್ಸ್. ಒಂದು ಎಂದರೆ ತೃಪ್ತಿ, ಫೀಸು ಕಟ್ಟಿ ಸೇರುವುದು. ಎರಡು ಎಂದರೆ ಈ ಸೀಟು ಕೈಯಲ್ಲಿರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದ್ದಕ್ಕೆ ಮುಂದಿನ ಸುತ್ತಿಗೂ ಹೋಗುತ್ತೇನೆ ಎಂದು. ಮೂರು ಎಂದರೆ ಈ ಸೀಟು ಬೇಡ, ಮುಂದಿನ ಸುತ್ತು ಮಾತ್ರ. ನಾಲ್ಕು ಎಂದರೆ ಪೂರ್ತಿ ಹೊರಗೆ. ಎರಡನೆಯದನ್ನು ಒತ್ತಿದವರಿಗೆ ಮೇಲಿನ ಸೀಟು ಸಿಕ್ಕಿದರೆ ಹಳೆಯದು ತಾನಾಗಿ ರದ್ದಾಗುತ್ತದೆ, ಮತ್ತೆ ಬೇಕೆಂದರೂ ಸಿಗುವುದಿಲ್ಲ. ಛಾಯ್ಸ್ ಒತ್ತದೆ ಸುಮ್ಮನೆ ಕೂತರೂ ಸೀಟು ಹೋಗುತ್ತದೆ. ಈ ಕೆಲಸಗಳಿಗೆಲ್ಲ ಎರಡು ಮೂರು ದಿನವಷ್ಟೇ ಕೊಡುತ್ತಾರೆ, ಅದೂ ಆಟಿಯ ಮಳೆಯಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಕೈಕೊಡುವ ಹೊತ್ತಿನಲ್ಲಿ. ಕೊನೆಯ ದಿನಕ್ಕೆ ಇಡಬೇಡಿ. ಅರ್ಜಿಯಲ್ಲಿ ಕೊಡುವ ಮೊಬೈಲ್ ನಂಬರ್ ನಿಮ್ಮದೋ ಮಗಳದ್ದೋ ಆಗಿರಲಿ. ಒಟಿಪಿ ಮುಂಬೈಗೆ ಹೋಗಿ, ನಿಮ್ಮ ಮನೆಯವರು ಡ್ಯೂಟಿಯಲ್ಲಿದ್ದರೆ ಇಲ್ಲಿ ಎಲ್ಲ ನಿಂತುಹೋಗುತ್ತದೆ.

ಸಿಇಟಿ ಹಂಚಿಕೆ ತಡವಾಗುತ್ತದೆಂದು ಅಷ್ಟರೊಳಗೆ ಹತ್ತಿರದ ಡಿಗ್ರಿ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿಸಿಡುವುದು ತಪ್ಪಲ್ಲ. ಆದರೆ ಸೇರಿಸುವಾಗಲೇ ಬಿಟ್ಟುಹೋದರೆ ಫೀಸಿನಲ್ಲಿ ಎಷ್ಟು ವಾಪಸ್ ಎಂದು ಕೇಳಿ, ರಸೀದಿ ಇಟ್ಟುಕೊಳ್ಳಿ. ಮೂಲ ಅಂಕಪಟ್ಟಿಯನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ತಡೆಹಿಡಿಯಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ. ಟಿಸಿಯನ್ನು ಅವರು ಇಟ್ಟುಕೊಳ್ಳುತ್ತಾರೆ, ಹಾಗಾಗಿ ಕೊಡುವ ಮೊದಲು ಅದರ ನಾಲ್ಕೈದು ಪ್ರತಿ ತೆಗೆದು ದೃಢೀಕರಿಸಿ ಇಟ್ಟುಕೊಳ್ಳಿ.